ಹದಿನೇಳನೆಯ ಸೀಸೆ

ಶಂಕರಘಟ್ಟದ ಲ್ಯಾಬಿಗೆ ದಕ್ಷಿಣ ಧ್ರುವ ಬಂದದ್ದು
ಥರ್ಮೋಕೋಲ್ ಡಬ್ಬಿಯಲ್ಲಿ, ಕೊರಿಯರ್ ಹುಡುಗನ ಬೈಕಿನ ಹಿಂದೆ.
ಸಹಿ ಹಾಕಿಸಿಕೊಂಡು, "ಏನ್ ಮೇಡಂ, ಔಷಧೀನಾ?" ಅಂದ.
ಮರಿಗಳು, ಅಂದೆ. ನಂಬಲಿಲ್ಲ.

ನಲವತ್ತು ಸೀಸೆ. ಸ್ಪಿರಿಟ್ಟಿನ ತಳದಲ್ಲಿ
ರಾಗಿಕಾಳಿಗಿಂತ ಸಣ್ಣದೊಂದು ಜೀವ,
ಜೀವ ಅಲ್ಲ, ಇದ್ದದ್ದು.
ಸೂಕ್ಷ್ಮದರ್ಶಕದಡಿ ಒಂದು, ಗಾಳಿಗೆ ಮಗುಚಿದ ಕೊಡೆಯ ಕಡ್ಡಿ;
ಒಂದು, ಕೂದಲು ಬಂದ ಬಟಾಣಿ;
ಇನ್ನೊಂದಕ್ಕೆ ಹೋಲಿಕೆ ಹುಡುಕುತ್ತ ಮಧ್ಯಾಹ್ನದ ಊಟ ತಪ್ಪಿತು.
ಇದರ ತಾಯಿ ನಕ್ಷತ್ರಮೀನೋ, ಹುಳುವೋ, ಚಿಪ್ಪೋ
ಮುಖ ನೋಡಿ ಹೇಳುವಂತಿಲ್ಲ.
ಮುಖವೇ ಇಲ್ಲ.

ನೂಲಿನಂತೆ ಸೀರೆ, ತಾಯಿಯಂತೆ ಮಗಳು:
ಗಾದೆ ಕಟ್ಟಿದವರು ಕಡಲ ಮರಿಗಳನ್ನು ಕಂಡವರಲ್ಲ.
ಆದರೂ ಅದರ ಮೊದಲರ್ಧ ಹಿಡಿದೇ ನಾವು ಹೊರಟದ್ದು.
ಸೀರೆ ಬಿಡಿ, ನೂಲು ನೋಡಿ.
ಅರೆದು, ತೊಳೆದು, ಗಿರ್ರನೆ ತಿರುಗಿಸಿ ತೆಗೆದ
ಆರುನೂರ ಐವತ್ತು ಅಕ್ಷರದ ಒಂದು ಎಳೆ.
ನಾಲ್ಕೇ ಅಕ್ಷರದ ಭಾಷೆ; ಒತ್ತಿಲ್ಲ, ದೀರ್ಘವಿಲ್ಲ.
ಬೇಳೆ ಪ್ಯಾಕೆಟ್ಟಿನ ಮೇಲಿನ ಕಪ್ಪು ಪಟ್ಟೆಯ ಹಾಗೆ, ಅಂತ
ನೋಡಲು ಬಂದ ಶಾಲೆ ಮಕ್ಕಳಿಗೆ ಪಾರ್ಶ್ವನಾಥ ಮೇಷ್ಟ್ರು ಹೇಳುತ್ತಾರೆ,
ಹಾಯಿಸಿದರೆ ಹೆಸರು ಬರುತ್ತೆ.
ಬಂದರೆ ಬರುತ್ತೆ.

ಏಪ್ರಿಲ್ ಕೊನೆ. ಅಣೆಕಟ್ಟು ಕೂಗಳತೆಯಲ್ಲಿದ್ದೂ
ಕರೆಂಟು ಹೋಗಿ ಆರು ಗಂಟೆ; ಜನರೇಟರಿಗೆ ಡೀಸೆಲ್ ಇಲ್ಲ.
ಫ್ರೀಜರಿನ ಮುಳ್ಳು ಮೈನಸ್ ಇಪ್ಪತ್ತರಿಂದ
ಹನ್ನೆರಡಕ್ಕೆ, ಒಂಬತ್ತಕ್ಕೆ ಬಂತು.
ಸ್ಪಿರಿಟ್ಟಿನಲ್ಲಿರುವ ಮರಿಗಳಿಗೆ ಏನೂ ಆಗದು,
ಕಿಣ್ವ ಕೆಟ್ಟರೆ ವರ್ಷದ ದುಡ್ಡು ಚರಂಡಿಗೆ.
ಸ್ಕೂಟಿ ಹತ್ತಿ ಭದ್ರಾವತಿಯ ಮೀನು ಮಾರ್ಕೆಟ್ಟಿಗೆ ಹೋದೆ.

ಖೈರುನ್ನಿಸಾ ಬಂಗುಡೆಯ ರಾಶಿ ಸರಿಸಿ
ಐಸು ಒಡೆದು ಗೋಣಿಗೆ ತುಂಬಿದಳು.
"ಬರೀ ಐಸಲ್ಲಿ ಆಗಲ್ಲ, ಕಲ್ಲುಪ್ಪು ಹಾಕು.
ನಮ್ಮಪ್ಪ ಕುಲ್ಫಿ ಮಾರ್ತಿದ್ದ."
ಆಮೇಲೆ, ತಕ್ಕಡಿ ಒರೆಸುತ್ತ,
"ಯಾವ ಜಾತಿ ಮೀನಮ್ಮ?"
ಗೊತ್ತಿಲ್ಲ, ಅದನ್ನೇ ಹುಡುಕ್ತಿರೋದು.
"ಮರಿಗೆಂಥ ಜಾತಿ," ನಕ್ಕಳು, "ಬೆಳೆದ ಮೇಲೆ ರೇಟು."

ಸಾಣಿಕಟ್ಟೆಯ ಉಪ್ಪು, ಭದ್ರಾವತಿಯ ಐಸು,
ಹಿಡಿಕೆ ಮುರಿದ ಒಂದು ಬಕೆಟ್ಟು:
ಮೂರೂವರೆ ಗಂಟೆ ನಾನು ಧ್ರುವದ ಕಡಲನ್ನು
ಕಾಲ ಬುಡದಲ್ಲಿ ಇಟ್ಟುಕೊಂಡಿದ್ದೆ.
ಬಂಗುಡೆಯ ವಾಸನೆ ಬರುತ್ತಿತ್ತು.

ಫಲಿತಾಂಶ ಎರಡು ವಾರಕ್ಕೆ.
ಬೇರೆ ಬೇರೆ ಅಂದುಕೊಂಡಿದ್ದ ಒಂಬತ್ತೂ ಇಪ್ಪತ್ತೆರಡೂ
ಒಂದೇ ಕುಲ, ವಯಸ್ಸಷ್ಟೇ ಬೇರೆ.
ಅವಳಿಯಂತಿದ್ದ ಮೂರಕ್ಕೂ ನಾಲ್ಕಕ್ಕೂ ದೂರದ ನೆಂಟಸ್ತನವೂ ಇಲ್ಲ.
ಹದಿನೇಳನೆಯ ಸೀಸೆ...
ಮೇಷ್ಟ್ರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.
ನೂರಕ್ಕೆ ತೊಂಬತ್ತೊಂಬತ್ತು ಚಿಲ್ಲರೆ: ಮನುಷ್ಯ.

"ಕೈಗವಸು ಹಾಕದೆ ಮುಟ್ಟಿದ್ದು ಯಾರು?"
ನೆನಪಿದೆ. ಮುಚ್ಚಳ ಬಿಗಿಯಾಗಿತ್ತು. ಒಂದು ಕ್ಷಣ ಬರಿಗೈ.
ಬೆವರೋ, ಚರ್ಮದ ಹುಡಿಯೋ,
ಮರಿಯ ಎಳೆಗಿಂತ ಜೋರಾಗಿ ಕೂಗಿಕೊಂಡಿತ್ತು ನನ್ನದು.
ಈ ಎಳೆ ಬರುವುದು ಅಮ್ಮನಿಂದಲೇ ಅಂತೆ,
ಅವಳಿಗೆ ಅವಳಮ್ಮನಿಂದ, ಹಾಗೇ ಹಿಂದಕ್ಕೆ.
ಅಪ್ಪನದೇ ಅಚ್ಚು ಎಂದು ನನ್ನ ಗಲ್ಲ ಹಿಡಿದವರೆಲ್ಲ
ಬರೀ ಸೀರೆ ನೋಡಿದವರು.

ಮರಿ ಅರ್ಧ ಉಳಿದಿತ್ತು. ಎರಡು ಜೊತೆ ಗವಸು ತೊಟ್ಟು
ಉಸಿರು ಹಿಡಿದು ಮತ್ತೆ ಮಾಡಿದೆ.
ಈ ಸಲ ನಾನಿರಲಿಲ್ಲ. ಯಾರೂ ಇರಲಿಲ್ಲ.
ಹೊಂದಿಕೆ ಇಲ್ಲ, ಎಂದಿತು ಪರದೆ.
ಅದರ ತಾಯಿ ಇನ್ನೂ ಯಾವ ಬಲೆಗೂ ಬಿದ್ದಿಲ್ಲ,
ಅಷ್ಟೇ ಅದರ ಅರ್ಥ.
ಹೆಸರಿನ ಕಾಲಂ ಖಾಲಿ ಬಿಡುವಂತಿಲ್ಲ;
ಹದಿನೇಳು, ಅಂತ ಅಕ್ಷರದಲ್ಲಿ ಬರೆದೆ.

ಗೋಣಿ ಹಿಂದಿರುಗಿಸಲು ಹೋದಾಗ ಖೈರುನ್ನಿಸಾ ಮರೆತಿರಲಿಲ್ಲ.
"ಗೊತ್ತಾಯ್ತಾ?"
ಒಂದ್ಸಲ ನನ್ನದೇ ಬಂತು, ಇನ್ನೊಂದ್ಸಲ ಯಾರದೂ ಬರಲಿಲ್ಲ, ಅಂದೆ.
ಹೂಂ ಅಂದಳು, ಇದೇನು ಹೊಸದಲ್ಲ ಅನ್ನುವ ಹಾಗೆ.
ಅರ್ಧ ಕೇಜಿ ಬಂಗುಡೆ ತೂಗಿ
ಮೇಲೊಂದು ಸಣ್ಣ ಮೀನು ಹಾಕಿದಳು,
ಹೆಸರು ಹೇಳದೆ.